ಹೆಸರು ಕೇಳದೆ ಬಿಟ್ಟ ಹಿರಿಯರಿಗೆ

ಮೈಸೂರಿನಿಂದ ಹೊರಟ ರೈಲಿನಲ್ಲಿ ನನ್ನ ಎದುರು ಕುಳಿತು, ಮಂಡ್ಯದಲ್ಲಿ ಇಳಿದುಹೋದ ಹಿರಿಯರೇ, ತಮ್ಮ ಹೆಸರನ್ನು ಕೇಳದೆ ಬಿಟ್ಟದ್ದು ನನ್ನ ತಪ್ಪು. ಆದ್ದರಿಂದ ಈ ಕೃತಜ್ಞತೆಯನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ. ಶ್ರುತಿಪೆಟ್ಟಿಗೆಯ ಆ್ಯಪ್‌ನಿಂದ ವೃತ್ತಿ ಆರಂಭಿಸಿದ ನಾನು ಆಗ, ತಲೆಗೆ ಹೆಡ್‌ಸೆಟ್ ಧರಿಸಿದರೆ ಸುತ್ತಲೂ ಕೃತಕ ಜಗತ್ತು ಕಾಣುವ ವರ್ಚುವಲ್ ರಿಯಾಲಿಟಿಯಲ್ಲಿ ಸಂಗೀತ ಕಛೇರಿಯೊಂದನ್ನು ಕಟ್ಟಲು ಹೊರಟಿದ್ದೆ. ಸೆಕೆಂಡಿಗೆ 90 ಚಿತ್ರಗಳು, ಅಂದರೆ ಒಂದೊಂದಕ್ಕೆ ಸುಮಾರು 11 ಮಿಲಿಸೆಕೆಂಡು ಮಾತ್ರ ಸಿಗುವ ಆ ಕೆಲಸದಲ್ಲಿ ನನ್ನ ಗಮನವೆಲ್ಲ ಕಣ್ಣಿಗೆ ಕಾಣುವುದರ ಮೇಲೆಯೇ ಇತ್ತು.

ನಾನು ಕೊಟ್ಟ ಹೆಡ್‌ಸೆಟ್ ಧರಿಸಿದ ತಾವು ಶ್ರೀರಂಗಪಟ್ಟಣ ದಾಟುವವರೆಗೂ ಒಂದು ಮಾತೂ ಆಡಲಿಲ್ಲ. ಆಮೇಲೆ ತಲೆಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿ, "ಅಲ್ಲಪ್ಪಾ, ತಂಬೂರಿ ಹಿಡಿದೋರು ನನ್ನ ಜೊತೆಗೇ ತಿರುಗ್ತಾರಲ್ಲ?" ಎಂದಿರಿ. ದನಿಯು ಒಂದು ಕಿವಿಗಿಂತ ಇನ್ನೊಂದಕ್ಕೆ ಮಿಲಿಸೆಕೆಂಡಿಗೂ ಕಡಿಮೆ ಅಂತರದಲ್ಲಿ ಮುಂಚೆ ತಲುಪುವುದರಿಂದ ದಿಕ್ಕು ತಿಳಿಯುತ್ತದೆಂದು ಓದಿದ್ದ ನಾನು, ತಲೆ ತಿರುಗಿದಾಗ ಆ ಅಂತರವನ್ನು ಮರುಲೆಕ್ಕ ಹಾಕುವುದನ್ನೇ ಮರೆತಿದ್ದೆ.

ತಾವು ಅಷ್ಟಕ್ಕೇ ಬಿಡಲಿಲ್ಲ. ಒಂದೇ ಧ್ವನಿಮುದ್ರಣವನ್ನು ಮತ್ತೆ ಮತ್ತೆ ನುಡಿಸುತ್ತಿದ್ದ ನನ್ನ ತಂಬೂರಿಯಲ್ಲಿ ಜೀವವಿಲ್ಲವೆಂದು ಹೇಳಿ, ತಂತಿಗಳನ್ನು ಹೊರುವ 'ಕುದುರೆ' ಎಂಬ ಪಟ್ಟಿಗೂ ತಂತಿಗೂ ನಡುವೆ ನೂಲಿನೆಳೆಯನ್ನು ಕೂದಲೆಳೆಯಷ್ಟು ಸರಿಸಿದರೆ ಝೇಂಕಾರ ಹೇಗೆ ಅರಳುತ್ತದೆಂಬುದನ್ನು ಟಿಕೆಟ್ಟಿನ ಅಂಚಿನ ಮೇಲೆ ಬೆರಳಾಡಿಸಿ ತೋರಿಸಿದಿರಿ. (ಪಾಪ, ಆ ಟಿಕೆಟ್ಟು ಪೂರ್ತಿ ಮುದುರಿಹೋಯಿತು.) ನಾನು ಓದಿದ ಯಾವ ಕೈಪಿಡಿಯಲ್ಲಿಯೂ ಇದು ಇರಲಿಲ್ಲ.

ಈಗ ಪ, ಸ, ಸ, ಸ ಎಂಬ ನಾಲ್ಕು ತಂತಿಗಳನ್ನೂ ಬೇರೆ ಬೇರೆಯಾಗಿ ಧ್ವನಿಮುದ್ರಿಸಿ, ಪ್ರತಿ ಮೀಟಿನ ಅಂತರವನ್ನೂ ತುಸು ಬದಲಾಗುವಂತೆ ಬರೆದಿದ್ದೇನೆ. ತಮಗೆ ನನ್ನ ಹೃತ್ಪೂರ್ವಕ ನಮಸ್ಕಾರಗಳು. ತಂಬೂರಿ ಹಿಡಿದವರು ಈಗ ಕುಳಿತಲ್ಲೇ ಕುಳಿತಿರುತ್ತಾರೆ.