ಪುಕ್ಕಲ ಅಂದುಕೊಂಡರೆ ಅಂದುಕೊಳ್ಳಲಿ

ಚಿ. ಪುಟ್ಟನಿಗೆ ಮಾವನ ಆಶೀರ್ವಾದಗಳು.

ನಿನ್ನ ಪತ್ರ ಮೂರು ಸಲ ಓದಿದೆ. ಕೊನೆಯಲ್ಲಿ ಬರೆದಿದ್ದೀಯಲ್ಲ, ‘ಇಲ್ಲಿ ಪೋಕರ್ ಆಟದಲ್ಲಿ ಎಲ್ಲರೂ ನನ್ನನ್ನು ಪುಕ್ಕಲ ಅಂದುಕೊಂಡಿದ್ದಾರೆ, ಅದಕ್ಕೇ ಕೈಯಲ್ಲಿ ಏನೂ ಇಲ್ಲದೆ ಮುಂದಿದ್ದದ್ದೆಲ್ಲ ತಳ್ಳಿಬಿಟ್ಟೆ’ ಅಂತ. ಸೋತ ಡಾಲರ್ ಹೋಗಲಿ. ಆ ‘ಅದಕ್ಕೇ’ ನನ್ನ ನಿದ್ದೆ ಕೆಡಿಸಿತು.

ಅಲ್ಲ ಕಣೋ, ಪುಕ್ಕಲ ಅನ್ನಿಸಿಕೊಂಡವನು ದೊಡ್ಡ ಬೆಟ್ ಹಾಕಿದರೆ ತಾನೇ ಜನ ನಂಬೋದು? ಇವನ ಹತ್ತಿರ ಏನೋ ಇದೆ ಅಂತ ಎಲೆ ಬಿಸಾಕಿ ಪ್ಯಾಕ್ ಮಾಡ್ತಾರೆ. ನೀವು ಫೋಲ್ಡ್ ಅಂತೀರಿ, ಇರಲಿ. ಆ ಹೆಸರೇ ನಿನ್ನ ಬಂಡವಾಳ. ಅದನ್ನು ಎದುರಿಗೆ ಮೂವರು ಕೂತಿದ್ದ ಆಟದಲ್ಲಿ ಸುರಿದೆ. ಒಬ್ಬೊಬ್ಬರೂ ಎರಡು ಸಲಕ್ಕೆ ಒಂದು ಸಲ ಬಿಡುವವರೇ ಆದರೂ, ಮೂವರೂ ಒಟ್ಟಿಗೆ ಬಿಡೋದು 8ರಲ್ಲಿ ಒಂದು ಸಲ. ಅವರಲ್ಲಿ ಒಬ್ಬ ಯಾವತ್ತೂ ಎಲೆ ಬಿಸಾಕದವನು ಅಂತ ನೀನೇ ಬರೆದಿದ್ದೀಯ. ಅಂಥವನ ಮುಂದೆ ಬ್ಲಫ್ ಎಂಥದ್ದು, ಇಲ್ಲದ್ದನ್ನು ಇದೆ ಅಂತ ಹೆದರಿಸೋದು ಎಂಥದ್ದು?

ನನಗೂ ಒಂದು ಯುಗಾದಿಯಲ್ಲಿ ಇದೇ ಚಟ ಹತ್ತಿತ್ತು. ಮೂರೆಲೆ ಆಟ. ಲೆಕ್ಕದ ಮೇಷ್ಟ್ರಿಗೆ ಧೈರ್ಯ ಇಲ್ಲ ಅಂತ ಎಲ್ಲರೂ ನನ್ನನ್ನು ಆಡಿಕೊಳ್ಳುತ್ತಿದ್ದರು. ನನ್ನ ಕೈಯಲ್ಲಿದ್ದದ್ದು ಎರಡು, ಐದು, ಒಂಬತ್ತು. ನಿಮ್ಮಪ್ಪನ ಹತ್ತಿರ ರಾಣಿ ಜೋಡಿ. ನಾನು ಏರಿಸಿದೆ, ಏರಿಸಿದೆ, ಅವರು ಪ್ಯಾಕ್ ಮಾಡಿದರು. ಸುಮ್ನೆ ದುಡ್ಡು ಎಳೆದುಕೊಳ್ಳಬೇಕಿತ್ತು. ಎಲೆ ತಿರುಗಿಸಿ ಎಲ್ಲರಿಗೂ ತೋರಿಸಿದೆ, ನಾನು ಪುಕ್ಕಲ ಅಲ್ಲ ಅಂತ. ಬೆಳಗಿನವರೆಗೆ ಆಮೇಲೆ ಒಬ್ಬನೂ ನನಗೆ ಪ್ಯಾಕ್ ಮಾಡಲಿಲ್ಲ.

ನೀನು 2003ರ ಲಾಸ್ ವೇಗಸ್ ಪೋಕರ್ ವಿಶ್ವ ಸ್ಪರ್ಧೆಯ ಕೊನೆಯ ಆಟ ನೆನಪಿಸಿದ್ದೀಯ. ಮನಿಮೇಕರ್ ಅನ್ನೋ ಆಟಗಾರ ಬರಿಗೈಯಲ್ಲಿ ಎಲ್ಲಾ ತಳ್ಳಿದ, ಎದುರಾಳಿ ಫರ್ಹಾ ಒಂಬತ್ತರ ಜೋಡಿ ಬಿಸಾಕಿದ. ನಾನೂ ನೋಡಿದೆ. ಎದುರಿಗೆ ಒಬ್ಬನೇ ಇದ್ದ, ಅಲ್ವಾ? ಟೇಬಲ್ ಮೇಲೆ ಇಬ್ಬರಿಗೂ ಸೇರಿದ ಎಲೆಗಳಲ್ಲಿ ಮೂರು ಸ್ಪೇಡು. ಕೊನೆ ಎಲೆ ಬೀಳುವ ಮುಂಚೆಯೇ ಮನಿಮೇಕರ್ ಏರಿಸಿದ್ದ. ಆಗ ಅವನ ಕೈಯಲ್ಲಿ ಸ್ಪೇಡಿನ ರಾಜ ಇತ್ತು. ಇನ್ನೊಂದು ಸ್ಪೇಡು ಬಿದ್ದರೆ ಫ್ಲಶ್, ಅಂದರೆ ಒಂದೇ ಜಾತಿಯ ಐದು ಎಲೆ; ಐದೋ ಹತ್ತೋ ಬಿದ್ದರೆ ಸ್ಟ್ರೈಟ್, ಅಂದರೆ ಸಾಲಾಗಿ ಐದು ಎಲೆ. ಯಾವುದೂ ಬೀಳಲಿಲ್ಲ, ಆದರೂ ಕಥೆ ಬದಲಾಯಿಸಲಿಲ್ಲ. ಫರ್ಹಾನ ಜೋಡಿಗೆ ಹೆದರಲು ಕಾರಣ ಟೇಬಲ್ ಮೇಲೇ ಬಿದ್ದಿತ್ತು. ನಿನ್ನ ಆಟದಲ್ಲಿ ಏನಿತ್ತು? ಕೋಪ.

ಲೆಕ್ಕ ಹೇಳೋದು ನನ್ನ ಹಳೇ ರೋಗ, ಕ್ಷಮಿಸು. ಪಾಟ್‌ನಲ್ಲಿ, ಅಂದರೆ ಮಧ್ಯದ ಗುಡ್ಡೆಯಲ್ಲಿ, 100 ಇದ್ದು ನೀನು 100 ಹಾಕಿದರೆ ಎರಡಕ್ಕೊಂದು ಸಲ ಅವರು ಬಿಟ್ಟರೆ ಅಸಲು. 50 ಹಾಕಿದರೆ ಮೂರಕ್ಕೊಂದು ಸಾಕು. ಎಲ್ಲಾ ಹಾಕಬಹುದು ಅಂತ ಎಲ್ಲಾ ಹಾಕಬೇಕಾಗಿಲ್ಲ.

ಶನಿವಾರ ಹೋಗಬೇಡ ಅನ್ನುವ ಮುಖ ನನಗಿಲ್ಲ. ಬ್ಲಫ್ ಮಾಡುವ ಮುಂಚೆ ‘ಅದಕ್ಕೇ’ ಆದ ಮೇಲೆ ಏನು ಬರುತ್ತೆ ಅಂತ ಒಂದು ಗಳಿಗೆ ನೋಡಿಕೋ, ಅಷ್ಟೇ.

ನಿಮ್ಮಪ್ಪನಿಗೆ ಫೋನ್ ಮಾಡಿದಾಗ ಈ ಪತ್ರದ ಸುದ್ದಿ ಎತ್ತಬೇಡ. ರಾಣಿ ಜೋಡಿ ಅವರು ಇನ್ನೂ ಮರೆತಿಲ್ಲ.

ಇಂತಿ,
ನಿನ್ನ ಮಾವ