‘ಪಾಪ’ ಅನ್ನದೇ ಇದ್ದವರಿಗೆ ಥ್ಯಾಂಕ್ಸ್

ಹೋದ ವಾರ ಡಾಕ್ಟರ್ ಮೇಡಂ ನನ್ನ ಮಗನನ್ನು ನಡೆಸಿದರು, ಓಡಿಸಿದರು, ಹಿಮ್ಮಡಿ ಎತ್ತದೆ ಕುಕ್ಕರಗಾಲಲ್ಲಿ ಕೂರೋಕೆ ಆಗುತ್ತಾ ನೋಡಿದರು. ಆಮೇಲೆ ‘ಇನ್ನು ರಾತ್ರಿ ಶೂ ಬೇಡಮ್ಮ’ ಅಂದರು. ಅಷ್ಟೇ. ಇನ್ನೂ ಏನೋ ಹೇಳುತ್ತಾರೆ ಅಂತ ನಾನು ನಿಂತೇ ಇದ್ದೆ, ಅವರು ಆಗಲೇ ಮುಂದಿನ ಮಗುವನ್ನು ಕರೆದಾಗಿತ್ತು. ಮನೆಗೆ ಬಂದು ಒಬ್ಬೊಬ್ಬರಿಗೂ ಫೋನ್ ಮಾಡೋಣ ಅಂದುಕೊಂಡೆ. ಆದರೆ ಥ್ಯಾಂಕ್ಸ್ ಹೇಳಬೇಕಾದವರಲ್ಲಿ ಕೆಲವರ ನಂಬರ್ ಇಲ್ಲ, ಕೆಲವರ ಹೆಸರೂ ಗೊತ್ತಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿಂದಿನ ಕಥೆ. 2021ರ ಫೆಬ್ರವರಿಯಲ್ಲಿ ಮಗ ಹುಟ್ಟಿದಾಗ ಅವನ ಬಲಪಾದ ಒಳಕ್ಕೆ ತಿರುಚಿಕೊಂಡಿತ್ತು, ಹಿಮ್ಮಡಿ ಮೇಲೆ ಎಳೆದುಕೊಂಡಿತ್ತು. ಇದಕ್ಕೆ ಕ್ಲಬ್‌ಫುಟ್ ಅನ್ನುತ್ತಾರೆ. ಸುಮಾರು 800ರಿಂದ 1000 ಮಕ್ಕಳಲ್ಲಿ ಒಬ್ಬರಿಗೆ ಹೀಗಾಗುತ್ತದೆ, ಗಂಡುಮಕ್ಕಳಲ್ಲಿ ಜಾಸ್ತಿ. ಯಾಕೆ ಬರುತ್ತದೆ ಅನ್ನೋದು ಡಾಕ್ಟರುಗಳಿಗೂ ಪೂರ್ತಿ ಗೊತ್ತಿಲ್ಲ. ನಮ್ಮ ನೆಂಟರಿಗೆ ಮಾತ್ರ ಗೊತ್ತಿತ್ತು! 2020ರ ಜೂನ್ 21, ಭಾನುವಾರ, ಸೂರ್ಯಗ್ರಹಣ. ನೆನಪಿದೆಯಲ್ವಾ, ಬೆಳಿಗ್ಗೆ ಹತ್ತರ ಮೇಲೆ ಹಿಡಿದು ಮಧ್ಯಾಹ್ನದವರೆಗೂ ಇತ್ತು. ಬಾಣಂತಿ ನೋಡೋಕೆ ಬಂದವರು ತೊಟ್ಟಿಲ ಪಕ್ಕ ಕೂತು ಬೆರಳು ಮಡಚಿ ತಿಂಗಳು ಎಣಿಸಿದರು. ‘ಅವತ್ತು ಈಳಿಗೆಮಣೆ ಮುಟ್ಟಿದ್ಯಾ?’ ಅಂತ ಕೇಳಿದರು. ಮುಟ್ಟಿದ್ದೆ, ಹುರುಳಿಕಾಯಿ ಹೆಚ್ಚಿದ್ದೆ. ನಾನು ಬಸುರಿ ಅನ್ನೋದು ಆಗ ನನಗೇ ಗೊತ್ತಿರಲಿಲ್ಲ. ನಾನು ಬಾಯಿ ಬಿಡುವ ಮುಂಚೆ ನಮ್ಮತ್ತೆ ಅಡುಗೆಮನೆಯಿಂದಲೇ, ‘ಅವತ್ತು ತರಕಾರಿ ಹೆಚ್ಚಿದ್ದು ನಾನು. ಸೊಟ್ಟ ಆಗೋದಾದ್ರೆ ನನ್ನ ಕಾಲು ಆಗ್ಬೇಕಿತ್ತು’ ಅಂದುಬಿಟ್ಟರು. ಹಸೀ ಸುಳ್ಳು. ಆಮೇಲೆ ನಮ್ಮನೆಯಲ್ಲಿ ಗ್ರಹಣದ ಮಾತೇ ಬರಲಿಲ್ಲ. ಅತ್ತೆ, ಮೊದಲ ಥ್ಯಾಂಕ್ಸ್ ನಿಮಗೆ.

ಹೆರಿಗೆಯಾದ ಕಡೆ ಒಬ್ಬರು ‘ಎಣ್ಣೆ ಹಚ್ಚಿ ತಿಕ್ಕಿ, ಸರಿಹೋಗುತ್ತೆ’ ಅಂತ ಕಳಿಸಿದ್ದರು. ಎಣ್ಣೆ ಹಚ್ಚಿ ತಿಕ್ಕಿದರೆ ಇದು ಸರಿಹೋಗಲ್ಲ. ಲಸಿಕೆ ಹಾಕಿಸೋಕೆ ಹೋದಾಗ ಅಲ್ಲಿನ ಸಿಸ್ಟರ್ ಬಟ್ಟೆ ಸರಿಸಿ ಕಾಲು ನೋಡಿ, ನಾಳೆಯೇ ಮೂಳೆ ಡಾಕ್ಟರ ಹತ್ತಿರ ಹೋಗಿ ಅಂತ ಒಂದೇ ಸಮ ಹಟ ಹಿಡಿದರು. ಅವರಿಗೂ ದೊಡ್ಡ ಥ್ಯಾಂಕ್ಸ್, ಅವರ ಮುಖ ಮಾಸ್ಕ್ ಇಲ್ಲದೆ ನೋಡೇ ಇಲ್ಲ.

ಚಿಕಿತ್ಸೆ ಕೇಳೋಕೆ ಸುಲಭ. ವಾರಕ್ಕೊಮ್ಮೆ ಡಾಕ್ಟರ್ ಪಾದವನ್ನು ಕೈಯಲ್ಲೇ ಒಂಚೂರು ಹೊರಕ್ಕೆ ತಿರುಗಿಸಿ ಹಿಡಿಯುತ್ತಾರೆ, ಹಾಗೇ ಹಿಡಿದಿರುವಾಗ ಬೆರಳಿನಿಂದ ತೊಡೆಯವರೆಗೂ ಪ್ಲಾಸ್ಟರ್ ಸುತ್ತುತ್ತಾರೆ. ಮುಂದಿನ ವಾರ ಇನ್ನೊಂಚೂರು. ಸಾಮಾನ್ಯವಾಗಿ ಐದಾರು ಪ್ಲಾಸ್ಟರಿಗೆ ಪಾದ ನೇರವಾಗುತ್ತದೆ. ಆಮೇಲೆ ಹಿಮ್ಮಡಿ ಹಿಂದಿನ ನರ (ನಾವು ನರ ಅಂತೀವಿ, ಅದು ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ) ಚಿಕ್ಕದಾಗಿ ಕತ್ತರಿಸಿ ಬಿಡುತ್ತಾರೆ, ಮೂರು ವಾರದ ಕೊನೇ ಪ್ಲಾಸ್ಟರಿನೊಳಗೆ ಅದು ಉದ್ದವಾಗಿ ಕೂಡಿಕೊಳ್ಳುತ್ತದೆ. ಪ್ರತಿ ವಾರ ಆಸ್ಪತ್ರೆಗೆ ಹೊರಡುವ ಮುಂಚೆ ಹಳೇ ಪ್ಲಾಸ್ಟರ್ ನೀರಲ್ಲಿ ನೆನೆಸಿ ಮನೆಯಲ್ಲೇ ಬಿಚ್ಚಬೇಕಿತ್ತು. ಒದ್ದೆ ಪ್ಲಾಸ್ಟರಿನಲ್ಲಿ ಸುತ್ತಿನ ತುದಿ ಎಲ್ಲಿದೆ ಅಂತ ಹುಡುಕೋದೇ ಅರ್ಧ ಗಂಟೆ, ಮಗು ಕಿರುಚಾಡುತ್ತಿರುತ್ತೆ, ನಾನೂ ಅಳುತ್ತಿರುತ್ತೇನೆ. ಪ್ಲಾಸ್ಟರ್ ರೂಮಿನ ಅಣ್ಣ ಇದನ್ನು ಕೇಳಿ, ಆಮೇಲಿಂದ ಪ್ರತಿ ಸಲ ಕೊನೇ ಸುತ್ತಿನ ತುದಿಯನ್ನು ಚಿಕ್ಕ ಗಂಟು ಮಾಡಿ ಮೊಣಕಾಲಿನ ಹತ್ತಿರ ಬಿಟ್ಟು ಕಳಿಸುತ್ತಿದ್ದರು. ಬೆರಳು ಒತ್ತಿ ನೋಡೋದು ಹೇಳಿಕೊಟ್ಟವರೂ ಅವರೇ. ಒತ್ತಿದರೆ ಬೆಳ್ಳಗಾಗಿ, ಬಿಟ್ಟ ತಕ್ಷಣ ಕೆಂಪಾದರೆ ರಕ್ತ ಓಡಾಡುತ್ತಿದೆ ಅಂತ. ಆ ದಿನಗಳಲ್ಲಿ ನಡುರಾತ್ರಿ ಎದ್ದು ಮೊಬೈಲ್ ಬೆಳಕಲ್ಲಿ ಬೆರಳು ಒತ್ತಿ ಮಲಗುತ್ತಿದ್ದೆ.

ಕೊನೇ ಪ್ಲಾಸ್ಟರ್ ಕಾಲಲ್ಲಿ ಇರುವಾಗಲೇ ಏಪ್ರಿಲ್ 27ಕ್ಕೆ ಕರ್ಫ್ಯೂ, ಮೇ 10ಕ್ಕೆ ಬಿಗಿ ಲಾಕ್‌ಡೌನ್. ಬಸ್ ಇಲ್ಲ. ಲಗ್ಗೆರೆಯಿಂದ ಆಸ್ಪತ್ರೆಗೆ ಕರೆದುಕೊಂಡು ಹೋದ ಆಟೋ ಅಣ್ಣ ಬ್ಯಾರಿಕೇಡ್ ಬಂದಲ್ಲೆಲ್ಲ ತಾವೇ ಇಳಿದು ಹೋಗಿ ಚೀಟಿ ತೋರಿಸಿ ಬರುತ್ತಿದ್ದರು, ನಾನು ಮಗು ಎತ್ತಿಕೊಂಡು ಇಳಿಯಬಾರದು ಅಂತ. ಮೀಟರ್ ಮೇಲೆ ಒಂದು ರೂಪಾಯಿ ಜಾಸ್ತಿ ಕೇಳಲಿಲ್ಲ. ಬೆಂಗಳೂರಲ್ಲಿ ಇದನ್ನು ಬರೆದರೆ ಯಾರೂ ನಂಬಲ್ಲ ಅಂತ ಗೊತ್ತು, ಆದ್ರೂ ಬರೆದಿದ್ದೇನೆ.

ಇಲ್ಲಿಗೆ ಕಷ್ಟ ಮುಗೀತು ಅಂದುಕೊಂಡಿದ್ದೆ. ಶುರುವಾಗಿದ್ದೇ ಇಲ್ಲಿಂದ.

ಪ್ಲಾಸ್ಟರ್ ಬಿಚ್ಚಿದ ಮೇಲೆ ಎರಡು ಶೂ, ನಡುವೆ ಒಂದು ರಾಡು. ಬಲಪಾದ ಜಾಸ್ತಿ ಹೊರಕ್ಕೆ, ಎಡದ್ದು ಸ್ವಲ್ಪ ಕಮ್ಮಿ. ಮೊದಲ ಮೂರು ತಿಂಗಳು ದಿನಕ್ಕೆ 23 ಗಂಟೆ, ಸ್ನಾನಕ್ಕೆ ಮಾತ್ರ ಬಿಡುವು. ಆಮೇಲೆ ನಾಲ್ಕೈದು ವರ್ಷ ತುಂಬುವವರೆಗೂ ರಾತ್ರಿ ನಿದ್ದೆ, ಹಗಲು ನಿದ್ದೆ ಎರಡಕ್ಕೂ. ಕಾಲು ನೋಡಿದರೆ ನೆಟ್ಟಗಿದೆ, ಮಗು ನಡೆಯುತ್ತಿದೆ, ಆದರೂ ಪ್ರತಿ ರಾತ್ರಿ ಹಾಕಬೇಕು. ಶೂ ಪಾದವನ್ನು ನೇರ ಮಾಡಲ್ಲ, ನೇರ ಮಾಡಿದ್ದನ್ನು ಹಿಡಿದಿಟ್ಟುಕೊಳ್ಳುತ್ತೆ. ಬಿಟ್ಟರೆ ಪಾದ ಮತ್ತೆ ಒಳಕ್ಕೆ ತಿರುಗುತ್ತೆ. ಹೀಗೆ ಮರುಕಳಿಸೋಕೆ ದೊಡ್ಡ ಕಾರಣವೇ ಮನೆಯಲ್ಲಿ ಶೂ ಹಾಕೋದು ನಿಲ್ಲಿಸೋದು ಅಂತ ಮೇಡಂ ಮೊದಲ ದಿನವೇ ಹೇಳಿದ್ದರು.

ನಿಲ್ಲಿಸಿ ಅಂತ ಯಾರೂ ಬೈದು ಹೇಳಲ್ಲ. ಪ್ರೀತಿಯಿಂದಲೇ ಹೇಳುತ್ತಾರೆ. ‘ಪಾಪ ಕೂಸು, ಇವತ್ತೊಂದಿನ ಬಿಚ್ಚಮ್ಮ.’ ‘ಮದುವೆ ಮನೆಗೂ ಇದನ್ನ ಹೊತ್ಕೊಂಡು ಬಂದ್ಯಾ?’ ‘ಎಡಗಾಲಿಗೆ ಏನೂ ಆಗಿಲ್ವಲ್ಲ, ಅದಕ್ಯಾಕೆ ಶಿಕ್ಷೆ?’ ಎರಡೂ ಕಾಲು ಇದ್ದರೇನೇ ರಾಡು ಪಾದವನ್ನು ತಿರುಗಿಸಿ ಹಿಡಿಯೋದು ಅಂತ ಹೇಳಿ ಹೇಳಿ ಬಾಯಿ ಒಣಗಿತು. ಜ್ವರ ಬಂದ ರಾತ್ರಿ, ಸೆಕೆಯ ರಾತ್ರಿ, ಅವನು ಕೈ ಮುಗಿದು ‘ಬೇಡ ಅಮ್ಮಾ’ ಅಂದ ರಾತ್ರಿ, ಆ ಕರುಣೆಯ ಮಾತುಗಳೇ ಕಿವಿಯಲ್ಲಿ ಇರುತ್ತಿದ್ದವು. ನನ್ನ ಕಣ್ಣಲ್ಲಿ ಈ ‘ಪಾಪ’ ಅನ್ನೋ ಮಾತಿನಷ್ಟು ಅಪಾಯದ್ದು ಇನ್ನೊಂದಿಲ್ಲ. ಅದಕ್ಕೇ ಅದನ್ನು ಅನ್ನದೇ ಇದ್ದವರು ನನಗೆ ಇಷ್ಟು ಮುಖ್ಯ.

ನಮ್ಮ ಓನರ್ ಅಜ್ಜಿ ಕೆಳಗಿನ ಮನೆ. ಮಗ ಎರಡೂ ಕಾಲು ಒಟ್ಟಿಗೆ ಎತ್ತಿ ಒದೆಯೋದು ಕಲಿತಮೇಲೆ ರಾತ್ರಿಯೆಲ್ಲ ರಾಡು ನೆಲಕ್ಕೆ ಟಕ್ ಟಕ್. ಕ್ಷಮೆ ಕೇಳೋಕೆ ಅಂತ ಇಳಿದು ಹೋದರೆ ಅಜ್ಜಿ, ‘ಸದ್ದು ಬಂದ್ರೆ ಶೂ ಹಾಕಿದೀಯ ಅಂತ ಗೊತ್ತಾಗುತ್ತೆ ಕಣಮ್ಮಾ. ಬರದಿದ್ರೆ ಬೆಳಿಗ್ಗೆ ಬಂದು ಕೇಳ್ತೀನಿ’ ಅಂದರು. ಸುಮ್ನೆ ಹೇಳಿದ್ದಲ್ಲ. ಒಂದು ದಿನ ನಾವು ಊರಿಗೆ ಹೋಗಿದ್ದಾಗ ಫೋನ್ ಮಾಡಿ ವಿಚಾರಿಸಿದರು!

ನನ್ನ ಗಂಡ ಪೀಣ್ಯದಲ್ಲಿ ಶಿಫ್ಟ್ ಮುಗಿಸಿ ಬಂದು ಮಲಗಿದರೆ ಅದೇ ರಾಡು ಅವರ ಮೊಣಕಾಲಿಗೆ. ಸೈಕಲ್ ಟ್ಯೂಬ್ ತಂದು ರಾಡಿಗೆ ಸುತ್ತಿದರು, ಮಗುವಿಗಿಂತ ತಮಗೇ ಜಾಸ್ತಿ ಉಪಯೋಗ ಅಂತ ಈಗಲೂ ನಗುತ್ತಾರೆ. ಅಂಗನವಾಡಿ ಟೀಚರ್ ಮಧ್ಯಾಹ್ನದ ನಿದ್ದೆಗೆ ಶೂ ಹಾಕೋದು ಕಲಿತರು, ಶೂ ಹಿಂದಿನ ತೂತಿನಲ್ಲಿ ಹಿಮ್ಮಡಿ ಕೆಳಗೆ ಕೂತಿದೆಯಾ ಅಂತ ಬಗ್ಗಿ ನೋಡೋದನ್ನೂ. ಶನಿವಾರ ಸಂಜೆ ಬಕಲ್ ಕಿತ್ತುಹೋದಾಗ ವಿಜಯನಗರದ ಬಸ್ ಸ್ಟಾಂಡ್ ಹತ್ತಿರ ಚಪ್ಪಲಿ ಹೊಲಿಯುವ ತಾತ ಕೂಡಲೇ ಹೊಲಿದುಕೊಟ್ಟರು, ದುಡ್ಡೂ ಸರಿಯಾಗಿ ತಗೊಂಡರು, ‘ಇಂಥಾ ಶೂಗೆ ಇಂಥಾ ದಾರ ಹಾಕ್ತಾರಾ’ ಅಂತ ಬೈದರು ಕೂಡ. 2023ರ ಜೂನ್‌ನಲ್ಲಿ ಹೆಂಗಸರಿಗೆ ಬಸ್ ಫ್ರೀ ಮಾಡಿದ ಶಕ್ತಿ ಯೋಜನೆ ಬಂದ ಮೇಲೆ ಚೆಕಪ್ಪಿಗೆ ಹೋಗುವ ಬಸ್ ಖರ್ಚೂ ಉಳಿಯಿತು.

ಇನ್ನೊಬ್ಬರು ಇದ್ದಾರೆ, ಅವರು 2009ರಲ್ಲೇ ತೀರಿಕೊಂಡರು. ಈ ವಿಧಾನ ಕಂಡುಹಿಡಿದ ಡಾಕ್ಟರ್ ಇಗ್ನಾಸಿಯೋ ಪೊನ್ಸೆಟಿ. ಸ್ಪೇನ್‌ನಲ್ಲಿ ಹುಟ್ಟಿ, ಅಲ್ಲಿನ ಅಂತರ್ಯುದ್ಧದ ಮೇಲೆ ದೇಶ ಬಿಟ್ಟು ಅಮೆರಿಕದ ಅಯೋವಾ ಸೇರಿದವರು. 1963ರಲ್ಲೇ ಇದನ್ನು ಬರೆದು ಪ್ರಕಟಿಸಿದರು, ಆದರೆ ದೊಡ್ಡ ಆಪರೇಷನ್ನುಗಳ ಕಾಲ ಅದು, ಹೆಚ್ಚಿನವರು ಗಮನ ಕೊಡಲಿಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ಇಂಟರ್‌ನೆಟ್‌ನಲ್ಲಿ ಅಪ್ಪ-ಅಮ್ಮಂದಿರು ಒಬ್ಬರಿಗೊಬ್ಬರು ಹೇಳಿಕೊಂಡು ಇದನ್ನು ಊರೂರಿಗೆ ಹಬ್ಬಿಸಿದರು. ನಾನು ಇಷ್ಟುದ್ದ ಬರೆಯೋಕೆ ಅದೂ ಒಂದು ಕಾರಣ.

ಮಗ ಈಗ ಎಲ್‌ಕೆಜಿ. ಬಲಗಾಲಿನ ಮೀನಖಂಡ ಸ್ವಲ್ಪ ಸಣ್ಣ, ಪಾದವೂ ಒಂಚೂರು ಚಿಕ್ಕದು, ಅದು ಹಾಗೇ ಇರುತ್ತೆ ಅಂದಿದ್ದಾರೆ. ಇರಲಿ ಬಿಡಿ. ಚೆಕಪ್ ಇನ್ನೂ ಕೆಲವು ವರ್ಷ ಇದೆ.

ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಹೀಗೆ ಮಗು ಹುಟ್ಟಿದರೆ ಎಣ್ಣೆ ತಿಕ್ಕುತ್ತಾ ಕೂರಬೇಡಿ, ಮೊದಲ ವಾರಗಳಲ್ಲೇ ಮೂಳೆ ಡಾಕ್ಟರಿಗೆ ತೋರಿಸಿ. ಅಳತೆ ಮೀರಿದ ಶೂಗಳನ್ನು ಆಸ್ಪತ್ರೆಗೆ ವಾಪಸ್ ಕೊಟ್ಟಿದ್ದೇನೆ. ಹತ್ತಿ ಸಾಕ್ಸ್ ಒಂದು ಚೀಲ ಮನೆಯಲ್ಲಿದೆ, ಲಗ್ಗೆರೆ, ನಂದಿನಿ ಲೇಔಟ್ ಕಡೆ ಯಾರಿಗಾದರೂ ಬೇಕಿದ್ದರೆ ಮೆಸೇಜ್ ಮಾಡಿ, ನಾನೇ ಬಂದು ಶೂ ಹಾಕೋದೂ ತೋರಿಸಿಕೊಡುತ್ತೇನೆ. ಈ ಭಾನುವಾರ ಮಾತ್ರ ಸಿಗಲ್ಲ. ಅತ್ತೆ ಘಾಟಿ ಸುಬ್ರಹ್ಮಣ್ಯಕ್ಕೆ ಬೆಳ್ಳಿ ಪಾದ ಒಪ್ಪಿಸುವ ಹರಕೆ ಹೊತ್ತಿದ್ದರಂತೆ, ನಮಗೆ ಈಗ ಹೇಳುತ್ತಿದ್ದಾರೆ.