ಸರ್ವಿಸ್ ಆದ ಮೇಲೆ ಡ್ರೈವ್ ಟ್ರಿಪ್ ಆಗುತ್ತಿರುವ ಬಗ್ಗೆ ದೂರು

ಸರ್ವಿಸ್ ವಿಭಾಗದ ಮುಖ್ಯಸ್ಥರಿಗೆ,

ವಿಷಯ: ಮೋಟಾರ್ ಸರಿಯಿದೆ, ನಿಮ್ಮವರು ಮಾಡಿದ ಕರೆಂಟ್ ಕಂಟ್ರೋಲ್ ಸೆಟ್ಟಿಂಗ್ ತಪ್ಪಾಗಿದೆ

ಮಾನ್ಯರೇ,

ಪೀಣ್ಯದಲ್ಲಿ ನಮ್ಮದೊಂದು ಸಣ್ಣ ವರ್ಕ್‌ಶಾಪ್ ಇದೆ. ಲೇತ್‌ನ 5 ಎಚ್‌ಪಿ ಸ್ಪಿಂಡಲ್ ಮೋಟಾರಿಗೆ ಅದರ ವೇಗ ಮತ್ತು ಬಲವನ್ನು ಹಿಡಿತದಲ್ಲಿಡುವ ನಿಮ್ಮ ವೆಕ್ಟರ್ ಡ್ರೈವ್ ಹಾಕಿದ್ದೇವೆ. ಇಷ್ಟು ವರ್ಷ ಅದರ ಬಗ್ಗೆ ಒಂದು ಮಾತು ಆಡುವಂತಿರಲಿಲ್ಲ. ಡ್ರೈವಿನ ಬಿಸಿ ಹೊರಹಾಕುವ ಹೀಟ್‌ಸಿಂಕ್ ಜಾಸ್ತಿ ಬಿಸಿಯಾಗುತ್ತಿದೆ ಎಂದು ನಿಮ್ಮ ಸರ್ವಿಸ್ ಸೆಂಟರಿಗೆ ಕೊಟ್ಟೆವು. ವಾಪಸ್ ಬಂದಾಗಿನಿಂದ ತೊಂದರೆ ಶುರುವಾಗಿದೆ.

ಖಾಲಿ ಓಡುವಾಗ ಕೀರಲು ಸದ್ದು ಬಿಟ್ಟರೆ ಹೇಗೋ ಓಡುತ್ತದೆ. ಟೂಲ್ ಜಾಬ್‌ಗೆ ತಾಗಿತೋ, ಮೋಟಾರ್ ಗಡಗಡ ನಡುಗುತ್ತದೆ, ಓವರ್ ಕರೆಂಟ್ ತೋರಿಸಿ ಡ್ರೈವ್ ಟ್ರಿಪ್ ಆಗುತ್ತದೆ, ಅಂದರೆ ತಾನೇ ಬಂದ್ ಆಗುತ್ತದೆ. ಸ್ಪಿಂಡಲ್ ನಿಂತ ಏಟಿಗೆ ಟೂಲ್ ತುದಿಯ ಇನ್ಸರ್ಟ್ ಮುರಿಯುತ್ತದೆ, ಶಾಫ್ಟ್ ಮೇಲೆ ಗೀರು ಬಿದ್ದು ಸ್ಕ್ರ್ಯಾಪ್‌ಗೆ ಹೋಗುತ್ತದೆ.

ನೋಡಲು ಬಂದ ನಿಮ್ಮ ಎಂಜಿನಿಯರ್, ಮೀಟರ್ ಕೂಡ ಹಿಡಿಯದೆ, "ವೈಂಡಿಂಗ್ ಹೋಗಿದೆ, ರೀವೈಂಡ್ ಮಾಡಿಸಿ" ಎಂದು ಹೇಳಿ ಹೋದರು. ನಾವು ಮೆಗ್ಗರ್ ಹಾಕಿ ನೋಡಿದೆವು, ಇನ್ಸುಲೇಷನ್ ಚೆನ್ನಾಗಿದೆ. ಮೂರೂ ಫೇಸ್‌ನ ರೆಸಿಸ್ಟೆನ್ಸ್ ಒಂದೇ ಇದೆ. ಸ್ಟಾರ್ಟರ್‌ನಲ್ಲಿ ನೇರವಾಗಿ ಓಡಿಸಿದರೆ ಮೂರರಲ್ಲೂ ಸಮನಾಗಿ ಕರೆಂಟ್ ಬರುತ್ತದೆ. ಇಂಥ ಮೋಟಾರನ್ನು ಸುಮ್ನೆ ಬಿಚ್ಚಿಸಬೇಕಾ?

ಆಮೇಲೆ ಲ್ಯಾಪ್‌ಟಾಪ್ ಹಾಕಿ ಪ್ಯಾರಾಮೀಟರ್ ಓದಿದೆವು. ಬಿಸಿ ಕಡಿಮೆಯಾಗಲಿ ಅಂತ ಕ್ಯಾರಿಯರ್ ಫ್ರೀಕ್ವೆನ್ಸಿಯನ್ನು (ಡ್ರೈವ್ ಸೆಕೆಂಡಿಗೆ ಎಷ್ಟು ಸಲ ಸ್ವಿಚ್ ಆಗಬೇಕು ಎಂಬುದು) 8 ಕಿಲೋಹರ್ಟ್ಸ್‌ನಿಂದ 2ಕ್ಕೆ ಇಳಿಸಿದ್ದಾರೆ. ಸ್ವಿಚಿಂಗ್ ಕಡಿಮೆಯಾದರೆ ಡ್ರೈವ್ ಒಳಗಿನ ಸ್ವಿಚ್ ಆದ ಐಜಿಬಿಟಿ ತಣ್ಣಗಿರುತ್ತದೆ, ಅದು ನಿಜ. ಆದರೆ ಕರೆಂಟ್ ಲೂಪ್‌ನ ಗೇನ್, ಅಂದರೆ ಕರೆಂಟ್ ಓದಿ ಎಷ್ಟು ಜೋರಾಗಿ ತಿದ್ದಬೇಕು ಎಂಬ ಸೆಟ್ಟಿಂಗ್, ಮಾತ್ರ ಹಳೆಯದೇ ಇದೆ! ನಿಮ್ಮ ಮ್ಯಾನುಯಲ್ ಪ್ರಕಾರ ಈ ಡ್ರೈವ್ ಒಂದು ಕ್ಯಾರಿಯರ್ ಸೈಕಲ್‌ಗೆ ಒಂದೇ ಸಲ ಕರೆಂಟ್ ಓದುತ್ತದೆ. ಓದಿ, ಲೆಕ್ಕ ಹಾಕಿ, ಮುಂದಿನ ಸೈಕಲ್‌ನಲ್ಲಿ ವೋಲ್ಟೇಜ್ ಕೊಡುತ್ತದೆ. ಎಲ್ಲಾ ಸೇರಿ ಸುಮಾರು ಒಂದೂವರೆ ಸೈಕಲ್ ತಡ. 8 ಕಿಲೋಹರ್ಟ್ಸ್‌ನಲ್ಲಿ ಅದು 190 ಮೈಕ್ರೋಸೆಕೆಂಡ್ ಹತ್ತಿರ ಇತ್ತು, ಈಗ 750. ತಡ ನಾಲ್ಕು ಪಟ್ಟು ಆದ ಮೇಲೆ ಅದೇ ಗೇನ್ ಇಟ್ಟರೆ ಕರೆಂಟ್ ಹೊಯ್ದಾಡದೆ ಇನ್ನೇನಾಗುತ್ತದೆ? ಕರೆಂಟಿನ ಗ್ರಾಫ್ ಆದ ಟ್ರೇಸ್‌ನಲ್ಲೂ ಅದೇ ಕಾಣುತ್ತದೆ. ಲೋಡ್ ಬಿದ್ದ ಕೂಡಲೇ ತಿರುಗಿಸುವ ಬಲ ಕೊಡುವ ಟಾರ್ಕ್ ಕರೆಂಟ್ ಬೇಕಾದ ಮಟ್ಟ ದಾಟಿ ಹಾರುತ್ತದೆ, ಕೆಳಗೆ ಬೀಳುತ್ತದೆ, ಮತ್ತೆ ಹಾರಿ ಟ್ರಿಪ್ ಮಟ್ಟ ಮುಟ್ಟುತ್ತದೆ. ಟ್ರೇಸ್ ಪ್ರಿಂಟ್ ಲಗತ್ತಿಸಿದ್ದೇನೆ, ದಯವಿಟ್ಟು ನೋಡಿ.

ನಾವೇ ಸರಿ ಮಾಡೋಣ ಅಂದರೆ ನಿಮ್ಮವರು ಪಾಸ್‌ವರ್ಡ್ ಹಾಕಿ ಲಾಕ್ ಮಾಡಿದ್ದಾರೆ. ನಮ್ಮ ಮೆಷಿನ್‌ಗೆ ನಮಗೇ ಬೀಗ, ಇದು ಯಾವ ನ್ಯಾಯ ಸಾರ್? ಇನ್ನು ಬಿಸಿಯಾಗಲು ಕಾರಣ ಕೂಲಿಂಗ್ ಫ್ಯಾನ್. ಅದು ಈಗಲೂ ತಡೆದು ತಡೆದು ತಿರುಗುತ್ತಿದೆ, ಅದನ್ನು ಯಾರೂ ಮುಟ್ಟಿಯೇ ಇಲ್ಲ.

ಕರೆಂಟ್ ಲೂಪ್ ಗೊತ್ತಿರುವವರನ್ನು ಈ ವಾರದೊಳಗೆ ಕಳಿಸಿ. ಫ್ಯಾನ್ ಬದಲಿಸಿ, ಕ್ಯಾರಿಯರ್ 8ಕ್ಕೆ ತಂದು, ಮೋಟಾರ್ ಜೋಡಿಸಿಟ್ಟೇ ಆಟೋಟ್ಯೂನಿಂಗ್ (ಡ್ರೈವ್ ತಾನೇ ಮೋಟಾರನ್ನು ಅಳೆದು ಸೆಟ್ಟಿಂಗ್ ಹೊಂದಿಸಿಕೊಳ್ಳುವುದು) ಮಾಡಲಿ. 2ರಲ್ಲೇ ಇಡುವುದಾದರೆ ಅದಕ್ಕೆ ತಕ್ಕ ಗೇನ್ ಹಾಕಿ, ಲೋಡ್ ಮೇಲೆ ಜಾಬ್ ಓಡಿಸಿ ತೋರಿಸಲಿ. ಪಾಸ್‌ವರ್ಡ್ ನಮಗೆ ಕೊಡಿ. ಏನೇನು ಬದಲಿಸಿದರು ಎಂದು ಬರೆದೂ ಕೊಡಬೇಕು. ಸರ್ವಿಸ್‌ಗೆ ಕಟ್ಟಿದ ಹಣವನ್ನು ವಾಪಸ್ ಮಾಡಿ. ಮೋಟಾರನ್ನಂತೂ ರೀವೈಂಡಿಂಗ್‌ಗೆ ಕಳಿಸುವುದಿಲ್ಲ.

ಇಂತಿ,
ವರ್ಕ್‌ಶಾಪ್ ಮಾಲೀಕ, ಪೀಣ್ಯ, ಬೆಂಗಳೂರು